ಏಳನೇ ಲಿಂಕಿನ ಪುಡಿ

…ಅಲ್ಲ ಮಾದೇಶ, ನಗುವಂಥದ್ದು ಏನಿದೆ ಇದರಲ್ಲಿ? ಕೂತ್ಕೋ. ಬಾಗಿಲು ಹಾಕಿದ್ದೇನೆ. ಹೊರಗೆ ಎಲ್ಲರೆದುರು ತಮಿಳಲ್ಲಿ ಬೈದರೆ ನಿನ್ನ ಮರ್ಯಾದೆ ಹೋಗುತ್ತೆ. ಇಲ್ಲಿ ಕನ್ನಡ ಬರೋದು ನಮ್ಮಿಬ್ಬರಿಗೇ, ಕನ್ನಡದಲ್ಲಿ ಬೈದರೆ ನಮ್ಮಲ್ಲೇ ಇರುತ್ತೆ. ಅಷ್ಟಾದರೂ ಉಪಕಾರ ನೆನಪಿಟ್ಟುಕೋ.

ಈ ಕಾಗದಕ್ಕೆ ಸಹಿ ಹಾಕು. ಇಂಗ್ಲಿಷಿನಲ್ಲಿದೆ, ನಾನೇ ಬರೆದದ್ದು, ಒಂದು ತಪ್ಪಿಲ್ಲ. ಆಯುಧ ಪೂಜೆಯ ದಿನ ನೀನು ಲಿಂಕಿಗೆ ಕುಂಕುಮ ಇಟ್ಟೆ, ಅದರಿಂದ ನಿನ್ನೆ ಗಿರಾಕಿಗಳ ಮುಂದೆ ಟೆಸ್ಟ್ ಕೆಟ್ಟಿತು. ಅಷ್ಟೇ ಅರ್ಥ. ಕೆಲಸ ಹೋಗುತ್ತೆ, ಹೌದು. ನಿಮ್ಮೂರು ಪೆನ್ನಾಗರದಲ್ಲಿ ನಿಮ್ಮಪ್ಪನ ಕುರಿಗಳಿದ್ದಾವಲ್ಲ? ಅವಕ್ಕೆ ಬೇಕಾದಷ್ಟು ಕುಂಕುಮ ಇಡು, ಕೇಳೋರಿಲ್ಲ.

ಏನು ಹಾಗೆ ನೋಡ್ತೀಯ? ನಾವು ಇಲ್ಲಿ ಏನು ಮಾಡ್ತೀವಿ ಅಂತಾದರೂ ಗೊತ್ತಾ? ಡೇಟಾ ಸೆಂಟರಿನಲ್ಲಿ ಸಾವಿರಾರು ಕಂಪ್ಯೂಟರು ಒಂದರ ಜೊತೆ ಒಂದು ಮಾತಾಡ್ತಾನೇ ಇರ್ತಾವೆ. ತಾಮ್ರದ ತಂತಿಯಲ್ಲಿ ಮಾತಾಡಿದರೆ ಎಷ್ಟೋ ಕರೆಂಟು ಬರೀ ಬಿಸಿಯಾಗಿ ಹೋಗುತ್ತೆ. ಬೆಳಕಿನಲ್ಲಿ ಮಾತಾಡಿಸಿದರೆ ಉಳಿಯುತ್ತೆ. ಸೇಲಂನ ಈ ಶೆಡ್ಡಿನಲ್ಲಿ ನಾವು ಮಾರೋದು ಆ ಉಳಿತಾಯವನ್ನ. ಒಂದೊಂದು ಲಿಂಕು ಅಂದರೆ ಕೂದಲಷ್ಟು ತೆಳ್ಳನೆಯ ಗಾಜಿನ ಎಳೆ, ಅದರ ತುದಿಯಲ್ಲಿ ಒಂದು ಕಣ ಕೂತರೆ ಬೆಳಕು ಮಂಕು. ಮಂಕಾದರೆ ಲೇಸರ್ ತಾನಾಗಿ ಹೆಚ್ಚು ಕರೆಂಟು ಕುಡಿಯುತ್ತೆ. ನಿನ್ನೆ ಏಳನೇ ಲಿಂಕು ನಾವು ಹೇಳಿದ್ದರ ಎರಡರಷ್ಟು ಕುಡಿಯಿತು. ಕರೆಂಟು ಉಳಿಸ್ತೀವಿ ಅಂತ ಕರೆದು ಕೂರಿಸಿದವರ ಮುಂದೆ… ಅವರು ಕಾಫಿ ಕೂಡ ಮುಗಿಸದೆ ಎದ್ದರು.

ಪರದೆ ನೋಡು. ಏಳನೇದರ ತುದಿ. ಕಪ್ಪು ಬಿಳುಪು ಚಿತ್ರ, ಮಧ್ಯದಲ್ಲಿ ಪುಡಿ. ಕುಂಕುಮ ಅಲ್ಲದೆ ಇನ್ನೇನು? 'ಸಾಮಿ ಪಾತ್ತುಕ್ಕುಂ', ದೇವರು ನೋಡಿಕೊಳ್ತಾನೆ, ಅಂತೀರಲ್ಲ ನೀವೆಲ್ಲ. ನೋಡಿಕೊಂಡನಾ? ನಾನು ಕಾನ್ವೆಂಟಿನಲ್ಲಿ ಓದಿದವನು. ನನ್ನ ಹಣೆ ನೋಡು, ಬೋಳು. ಇಪ್ಪತ್ತೆರಡು ವರ್ಷದಿಂದ ಹೇಳ್ತಿದ್ದೇನೆ, ಲ್ಯಾಬಿಗೆ ಬರುವಾಗ ದೇವರನ್ನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ ಅಂತ.

ಆ ದಾಖಲೆ ಪುಸ್ತಕ ಯಾಕೆ ತಳ್ತೀಯ ನನ್ನ ಕಡೆ? …ಪೂಜೆಯ ಮರುದಿನ ಹದಿನಾರೂ ಲಿಂಕಿನ ತುದಿ ಒರೆಸಿ ಮುಚ್ಚಳ ಹಾಕಿದ್ದೀಯ. ಸರಿ. ಕೆಳಗೆ ಸಹಿ ನನ್ನದು. ಸರಿ. ನೋಡದೆ ಸಹಿ ಹಾಕುವವನಲ್ಲ ಈ ಪ್ರಭಾಕರ್… ಅಂದರೆ, ನೋಡಿದ್ದೆ. ಅವತ್ತು ಶುದ್ಧವಾಗೇ ಇತ್ತು. ಅದಕ್ಕೇನೀಗ?

ಅದೇನು ಕೈಯಲ್ಲಿ? ಏಳನೇದರ ಮುಚ್ಚಳ. ದೀಪದ ಕೆಳಗೆ ಹಿಡಿದು ನನಗೇನು ತೋರಿಸ್ತೀಯ? ಕಪ್ಪು ಮುಚ್ಚಳ, ಒಳಗೆ… ಬಿಳಿ. ಬಿಳಿ ಪುಡಿ. ಕುಂಕುಮ ಕೆಂಪು ಅಂತ ನನಗೂ ಗೊತ್ತು, ಪಾಠ ಬೇಡ. ಗೋಡೆಯ ಸುಣ್ಣ ಇರಬಹುದು. ನಿನ್ನ ತಟ್ಟೆಯಲ್ಲಿ ವಿಭೂತಿ ಇತ್ತಾ? ಇರಲಿಲ್ಲ. ಅರಿಶಿನ ಕುಂಕುಮ ಮಾತ್ರ, ನಾನೇ ನೋಡಿದ್ದೆ.

ಬಂದಾಗಿನಿಂದ ನನ್ನ ಜೇಬನ್ನೇ ನೋಡ್ತಿದ್ದೀಯ. ಅದಕ್ಕೇನಾ ನಗು? ಅದು ನಮ್ಮನೆಯವಳು, ರಮಾಮಣಿ, ದಿನಾ ವಿಭೂತಿ ಮಡಿಸಿ ಹಾಕಿ ಕಳಿಸೋ ಪೊಟ್ಟಣ. ಅವಳಿಗೆ ಹುಚ್ಚು. ನಾನು ಬಿಚ್ಚೋದೇ ಇಲ್ಲ.

…ಬಿಚ್ಚಿದೆ. ಹೌದು. ಇಗೋ, ಮಡಿಕೆ ಬಿಚ್ಚಿದ ಹಾಗೇ ಐತೆ.

ಏನಾದರೂ ಮಾತಾಡೋ ಮಾದೇಶ. ಬಯ್ಯಿ ಬೇಕಾದರೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ಇಲ್ಲಿ ಯಾರೂ ಇರಲಿಲ್ಲ. ಏಳನೇದು ಹಿಂದಿನ ತಿಂಗಳು ಎರಡು ಸಲ ಕೈಕೊಟ್ಟಿತ್ತು, ನಿನಗೂ ಗೊತ್ತು. ಮೇಲೆ, ಅದರ ಡಬ್ಬಿಯ ಮೇಲೆ, ಒಂದೇ ಒಂದು ಚಿಟಿಕೆ ಇಟ್ಟೆ. ಆಮೇಲೆ ಸರಿಯಾಗಿದೆಯಾ ಅಂತ ಮುಚ್ಚಳ ತೆಗೆದು ನೋಡಿದೆ. ಬೆರಳು ಒರೆಸಿಕೊಂಡೆ ಅಂತಲೇ ಅಂದುಕೊಂಡಿದ್ದೆ…

ಆ ಕಾಗದ ಇಲ್ಲಿ ಕೊಡು. ಪೆನ್ನೂ ಕೊಡು. ಒಂದು ತಪ್ಪು ಉಳಿದಿದೆ. ಹೆಸರು.