ಸಂಬಳದ ಎರಡು ಪಾಲು

ದೊಡ್ಡಮಳೂರಿನ ಡೈರಿಯಲ್ಲಿ ಬೆಳಗಿನ ಹಾಲು ಹಾಕಲು ನಿಂತಿದ್ದೆವು. ಕರೆಂಟು ಹೋಗಿ ತೂಕದ ಯಂತ್ರ ನಿಂತಿತು. ನನ್ನ ಮುಂದೆ ಪಕ್ಕದ ಮನೆಯ ಸವಿತಾ, ಅವಳ ಮಗಳು ಸಿರಿ. ಸವಿತಾಳ ಗಂಡ ನಟರಾಜು ಕೆಲಸ ಮಾಡುವ ಕಾರ್ಖಾನೆಯಲ್ಲಿ ಸಂಬಳ ಹಾಕುವ ಮಧು ನಮ್ಮನ್ನು ಕಂಡು ಬೈಕು ನಿಲ್ಲಿಸಿದ.

“ಅಕ್ಕಾ, ಸಿರಿ ಬ್ಯಾಂಕ್ ಪಾಸ್‌ಬುಕ್ ಒಸಿ ಬೇಕಿತ್ತು. ಅವಳ ಖಾತೆಗೆ ಹಾಕಿದ್ದು ವಾಪಸ್ ಬಂದ್ಬುಟ್ಟೈತೆ.”

“ಮಗೀನ ಖಾತೆಗೆ ಯಾಕಪ್ಪಾ ಹಾಕ್ದೆ?”

“ಅಣ್ಣನೇ ಬರ್ಕೊಟ್ಟವ್ರೆ. ಈ ತಿಂಗ್ಳಿಂದ ಸಂಬಳ ಎರಡು ಪಾಲು ಮಾಡು, ಅರ್ಧ ಸವಿತಂಗೆ, ಅರ್ಧ ಸಿರಿಗೆ ಅಂತ.”

“ಅವ್ರ ಖಾತೆಗೆ?”

“ಸೊನ್ನೆ. ಗಾಳಿ ಕುಡ್ಕೊಂಡು ಇರ್ತೀಯೇನಣ್ಣಾ ಅಂತ ರೇಗಿಸ್ದೆ. ನಂಗಿನ್ನೇನ್ ಖರ್ಚೈತೆ ಅಂತ ನಕ್ರು.”

ಸವಿತಾ ನಗಲಿಲ್ಲ.

“ನಿನ್ನೆ ಬೈಕ್ ಕೀನೂ ನನ್ ಕೈಗೆ ಕೊಟ್ಟು ಬಸ್ಸಿಗೆ ಹೋದ್ರು. ರಾತ್ರಿ ಪಾಳಿ ಇನ್ನೂ ಬುಟ್ಟಿಲ್ವಾ?”

“ಪಾಳಿಗೆಲ್ಲಿ ಬಂದ್ರಕ್ಕಾ? ಊರಿಗೋಯ್ತೀನಿ ಅಂತ ರಜಾ ಹಾಕವ್ರಲ್ಲಾ.”

“ಇದೇ ಅಲ್ವೇನಪ್ಪಾ ನಮ್ಮೂರು?”

ಮಧು ಫೋನು ತೆಗೆದು ನಟರಾಜುವಿಗೆ ಕರೆ ಮಾಡಿದ, ಮತ್ತೆ ಮಾಡಿದ.

“ಆಫಾಗೈತೆ. ಹತ್ತಿ ಅಕ್ಕಾ, ಬಸ್ ಸ್ಟ್ಯಾಂಡ್ ತಾವ ಕೇಳಾನ.”

ಸವಿತಾ ಮಗಳ ಕೈಯನ್ನು ನನ್ನ ಕೈಗಿಟ್ಟಳು. “ಅಕ್ಕಾ, ಇವಳನ್ನ ಒಸಿ ನೋಡ್ಕೊಳ್ಳಿ.”

ಅಷ್ಟರಲ್ಲಿ ಕರೆಂಟು ಬಂತು. ಸಾಲು ಮುಂದೆ ಸರಿದರೂ ನಾವಿಬ್ಬರೂ ಅಲ್ಲೇ ನಿಂತೆವು. ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಮಗು ನನ್ನ ಸೆರಗು ಜಗ್ಗಿತು.

“ದೊಡ್ಡಮ್ಮಾ, ನಮ್ಮಪ್ಪ ಇನ್ನು ಬರಲ್ವಾ?”