ಪಟ್ಟಿಯಿಂದ ತೆಗೆದ ನಂಬರ್

ಪೋರ್ಟ್‌ಲೆಂಡ್‌ನಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಬರೆಯುವವರ ಸಮ್ಮೇಳನ. ಕಾಫಿಯ ಸರದಿಯಲ್ಲಿದ್ದ ಡ್ವೇನ್ ಕದ್ದು ಕೇಳುವವನಲ್ಲ. ಅವನ ಕಿವಿ ಇದ್ದ ಕಡೆಯೇ ಮುಂದಿನ ಇಬ್ಬರು ಮಾತಾಡಿದರು. ಒಬ್ಬರು ಬಿಳಿ ಗಡ್ಡದ ಹಾಲ್ವರ್ಸನ್, ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಹಳೆಯ ಡ್ರೈವರುಗಳನ್ನು, ಅಂದರೆ ಕಂಪ್ಯೂಟರಿಗೆ ಜೋಡಿಸಿದ ಯಂತ್ರಗಳನ್ನು ನಡೆಸುವ ಪ್ರೋಗ್ರಾಮುಗಳನ್ನು, ನೋಡಿಕೊಳ್ಳುವವರು. ಇನ್ನೊಬ್ಬಳು ಅವರನ್ನೇ ಹುಡುಕಿಕೊಂಡು ಬಂದ ಹೆಂಗಸು.

“ಸಾರ್, ನಮ್ಮಮ್ಮಂಗೆ ಕಣ್ಣು ಕಾಣಲ್ಲ, ಕಿವೀನೂ ಕೇಳಲ್ಲ. ನಾವು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದು ಬ್ರೈಲ್ ಯಂತ್ರದ ಮೇಲೆ ಚುಕ್ಕಿಗಳಾಗಿ ಏಳತ್ತೆ, ಅದರ ಮೇಲೆ ಬೆರಳಿಟ್ಟೇ ನಮ್ಮ ಮಾತು ಓದ್ತಾರೆ. ಹೋದ ತಿಂಗಳು ಕಂಪ್ಯೂಟರ್ ಅಪ್‌ಡೇಟ್ ಮಾಡ್ದೆ. ಆಮೇಲೆ ಯಂತ್ರ ಸತ್ತಂಗಿದೆ.”

“ಯಂತ್ರ ಸರಿಯಾಗೇ ಇರತ್ತಮ್ಮ. ಕಂಪ್ಯೂಟರ್‌ಗೆ ಚುಚ್ಚಿದ ತಕ್ಷಣ ಅದು ತನ್ನ ನಂಬರ್ ಹೇಳತ್ತೆ. ಆ ನಂಬರ್ ಯಾವ ಡ್ರೈವರ್‌ನ ಪಟ್ಟೀಲಿದೆ ಅಂತ ಕರ್ನಲ್ ಹುಡುಕತ್ತೆ. ಎಲ್ಲೂ ಇಲ್ದಿದ್ರೆ ಅದನ್ನ ಯಾರೂ ಮುಟ್ಟಲ್ಲ.”

“ಮೊದ್ಲು ಇತ್ತಲ್ಲ?”

“ಇತ್ತು. ಯಾರೂ ಬಳಸ್ತಿಲ್ಲ ಅನ್ಕೊಂಡು ನಾನೇ ತೆಗ್ದೆ. ಬಳಸೋರಿದ್ರೆ ಹೇಳಿ ಅಂತ ನಮ್ಮ ಮೇಲಿಂಗ್ ಲಿಸ್ಟ್‌ನಲ್ಲಿ ಎಲ್ರಿಗೂ ಇಮೇಲ್ ಹಾಕಿ ಕೇಳಿದ್ದೆ. ಒಂದು ವರ್ಷ ಕಾದೆ, ಯಾರೂ ಬರೀಲಿಲ್ಲ.”

“ಎಂಬತ್ತೆರಡು ವರ್ಷದೋರು ನಿಮ್ಮ ಲಿಸ್ಟ್ ಓದ್ತಾ ಕೂತಿರ್ತಾರಾ?”

ಸರದಿ ಎರಡು ಹೆಜ್ಜೆ ಮುಂದೆ ಹೋಯಿತು. ಹಾಲ್ವರ್ಸನ್ ಹೋಗಲಿಲ್ಲ.

“ಈಗ ಅಮ್ಮನ ಜೊತೆ ಹೇಗೆ ಮಾತಾಡ್ತೀರಿ?”

“ಅಂಗೈ ಮೇಲೆ ಒಂದೊಂದೇ ಅಕ್ಷರ ಬರೀತೀನಿ. ಎಲ್ರೂ ಯಾಕೆ ಮಾತು ಬಿಟ್ರಿ, ನಾನೇನು ತಪ್ಪು ಮಾಡ್ದೆ ಅಂತ ಕೇಳ್ತಾರೆ.”

“ನಂಬರ್ ತಂದಿದೀರಾ?”

ಅವಳು ಚೀಟಿ ಕೊಟ್ಟಳು.

“ಪಟ್ಟೀಲಿ ಒಂದೇ ಸಾಲು. ಬನ್ನಿ, ಈಗ್ಲೇ ಸೇರಿಸ್ತೀನಿ. ತಪ್ಪು ತೋರಿಸಿದೋರ ಹೆಸ್ರು ಜೊತೇಲಿ ಬರೀಬೇಕು, ಅದು ನಮ್ಮ ಪದ್ಧತಿ. ನಿಮ್ಮ ಹೆಸ್ರು?”

“ನಂದು ಬೇಡ. ಅಮ್ಮಂದು ಬರೀರಿ. ಆರ್ಡಿಸ್ ವೆಂಜೆಲ್. ಯಂತ್ರ ಎದ್ದ ಮೇಲೆ ಮೊದ್ಲು ಅದನ್ನೇ ಓದಿಸ್ತೀನಿ.”

ಇಬ್ಬರೂ ಕಾಫಿ ಬಿಟ್ಟು, ಲ್ಯಾಪ್‌ಟಾಪ್ ಇದ್ದ ಮೇಜಿನ ಕಡೆ ಹೋದರು.