ಸಾಕೋ, ಸಾಲದೋ
ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳು ಎಂಬಿಎ ಪ್ರವೇಶ ಪರೀಕ್ಷೆಯ ಗೈಡನ್ನು ಮೆಕ್ಯಾನಿಕ್ ಖಾಜಾ ಹುಸೇನರಿಗೆ ಓದಿ ಹೇಳುತ್ತಿದ್ದಳು. ಭಾನುವಾರ ಅದೇ ಪರೀಕ್ಷೆ ಬರೆಯಬೇಕಿದ್ದ, ಸಂಜೆ ಕಾಲೇಜಿನ ವಿದ್ಯಾರ್ಥಿ ಪಾಲಾಕ್ಷ ಪಕ್ಕದಲ್ಲೇ ಕೂತು ಕಿವಿಗೊಟ್ಟ.

“ಲೆಕ್ಕ ಬಿಡಿಸಂಗಿಲ್ಲ ಚಾಚಾ. ಕೊಟ್ಟಿರೋ ಮಾಹಿತಿ ಸಾಕೋ ಸಾಲದೋ, ಅಷ್ಟೇ ಹೇಳ್ಬೇಕು.”

“ಗಾಡಿ ಬಿಚ್ಚದೇ ಕೂಲಿ ಕೇಳಿದಂಗಾಯ್ತು!”

“ಕೇಳ್ರಿ. ಸ್ಕೂಟರ್ ಲೀಟರಿಗೆ ಎಷ್ಟು ಓಡ್ತೈತೆ? ಒಂದನೇ ಮಾಹಿತಿ: ಎರಡು ಲೀಟರ್ ಪೆಟ್ರೋಲ್ ಹಾಕಿಸಿದ್ರು. ಎರಡನೇದು: ತೊಂಬತ್ತು ಕಿಲೋಮೀಟರ್ ಓಡಿ ಟ್ಯಾಂಕ್ ಖಾಲಿಯಾತು. ಎರಡೂ ಸೇರಿದ್ರೆ ಸಾಕು ಅಂತೀನಿ ನಾನು.”

ಪಾಲಾಕ್ಷನೂ ಮನಸ್ಸಿನಲ್ಲೇ ಹೌದೆಂದ.

“ಸಾಲಲ್ಲ. ಹಾಕಿಸೋಕೆ ಮುಂಚೆ ಟ್ಯಾಂಕಲ್ಲಿ ಎಷ್ಟಿತ್ತಮ್ಮ?” ಎಂದರು ಹುಸೇನರು.

ಹುಡುಗಿ ಉತ್ತರಗಳಿದ್ದ ಗೈಡಿನ ಕೊನೆಯ ಪುಟ ತಿರುವಿದಳು. “ಅಯ್ಯೋ, ಸಾಲದು ಅಂತಾನೇ ಐತೆ! ಭಾನುವಾರ ನೀವೇ ಬಂದು ಬರೀರಿ ಚಾಚಾ.”

“ಬರ್ತೀನಿ. ಇಂಗ್ಲಿಷ್ ಓದಿ ಹೇಳೋಕೆ ನೀನೂ ಬಾ.”

ಮೊಳಕಾಲ್ಮೂರಿನ ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿದರು. ಪಾಲಾಕ್ಷ ತನ್ನ ಗೈಡು ತೆರೆದು, ಮಾಡಿ ಮುಗಿಸಿದ್ದ ಲೆಕ್ಕಗಳನ್ನು ಮತ್ತೆ ಮೊದಲನೆಯದರಿಂದ ನೋಡತೊಡಗಿದ.